ಒಂದು ಮೊಳ ಕೆಂಪು ದಾರ

“ಮೊಳದ ಲೆಕ್ಕದಾಗೆ ಮಾರಾಕೆ ಇದೇನು ಮಲ್ಲಿಗೆ ಹೂವಾ ಬೇಟಿ?”

ಕಳೆದ ಭಾನುವಾರ ಶಿರಾದ ಉಣ್ಣೆ ದಾರದಂಗಡಿಯ ಸಾಹೇಬರು ಹೀಗೆ ಕೇಳಿದಾಗ ತಬ್ಬಿಬ್ಬಾದೆ. ಅಕ್ಕನ ಮನೆಗೆ ಹೋಗಿದ್ದವಳು, ಕೆಂಪು ದಾರ ಒಂದು ಮೊಳ ಸಾಕು ಎಂದಿದ್ದೆ.

“ಇದ್ರಾಗೆ ಗೊಂಬೆಗೂ ಟೋಪಿ ಆಗಾಕಿಲ್ಲ ಕಣಮ್ಮ. ಏನ್ ಹೆಣೀತೀಯ?”

“ಹೆಣೆಯೋಕಲ್ಲ ಸಾಹೇಬ್ರೆ. ಇಂಡಿಯಾ ಮ್ಯಾಪಿಗೆ ಕಟ್ಟೋಕೆ.”

ಅವರು ನನ್ನ ಮುಖ ನೋಡಿದರು. ವಿವರಿಸದೆ ವಿಧಿಯಿರಲಿಲ್ಲ. (ಓದುಗರಾದ ನಿಮಗೂ ಇದುವರೆಗೆ ಹೇಳಿಲ್ಲ. ಸ್ವಂತ ಕೆಲಸದ ಬಗ್ಗೆ ಬರೆಯುವುದು ನನಗೆ ಸಂಕೋಚ.)

ಬೆಂಗಳೂರಿನ ನಮ್ಮ ಆಫೀಸಿನ ಗೋಡೆಯ ಮೇಲೆ ದೊಡ್ಡದೊಂದು ಭಾರತದ ಮ್ಯಾಪ್ ಇದೆ. ವಿಜ್ಞಾನ ಪತ್ರಿಕೆಗಳನ್ನು ನೋಡಿ, ಸಂಶೋಧನಾ ಲೇಖನ ಬರೆದವರ ಊರಿಗೆ ಗುಂಡುಸೂಜಿ ಚುಚ್ಚುವುದು ನನ್ನ ಕೆಲಸ. ಎರಡು ಊರಿನವರು ಸೇರಿ ಬರೆದಿದ್ದರೆ ಸೂಜಿಯಿಂದ ಸೂಜಿಗೆ ದಾರ. ಬೆಳೆಗಳ ವಿಷಯಕ್ಕೆ ಕೆಂಪು, ಔಷಧಿಗೆ ಹಸಿರು, ಭೌತಶಾಸ್ತ್ರಕ್ಕೆ ನೀಲಿ. ದೇಶದಲ್ಲಿ ಯಾರು ಯಾರೊಡನೆ, ಯಾವುದಕ್ಕಾಗಿ ದುಡಿಯುತ್ತಿದ್ದಾರೆ ಎಂಬುದು ಬಾಗಿಲಲ್ಲಿ ನಿಂತರೇ ಕಾಣುತ್ತದೆ. ಕಲ್ಕತ್ತ, ದೆಹಲಿ, ಬೊಂಬಾಯಿಗಳಲ್ಲಿ ದಾರಗಳ ದಟ್ಟ ಜಡೆ.

ಪಾವಗಡದಲ್ಲಿ ಮಾತ್ರ ಒಂದೇ ಸೂಜಿ. ದಾರವಿಲ್ಲ.

ಅದು ಅಲ್ಲಿನ ಹೈಸ್ಕೂಲ್ ಮೇಷ್ಟರೊಬ್ಬರದು. ಕಡಲೆಕಾಯಿ ಗಿಡದ ಎಲೆಚುಕ್ಕೆ ರೋಗದ ಬಗ್ಗೆ ಒಬ್ಬರೇ ಬರೆದಿದ್ದರು.

ಹೋದ ವರ್ಷ ಹೊರಗಿನ ವಿಜ್ಞಾನಿಗಳು ಮ್ಯಾಪ್ ನೋಡಲು ಬರುವವರಿದ್ದರು. ಹಿಂದಿನ ದಿನ ನಮ್ಮ ಮುಖ್ಯಸ್ಥರು ಆ ಸೂಜಿಯ ಮೇಲೆ ಬೆರಳಿಟ್ಟರು.

“ದಾರವಿಲ್ಲದ್ದು ಯಾಕಮ್ಮ? ಸಂಬಂಧ ತೋರಿಸೋ ಮ್ಯಾಪಿದು. ತೆಗೆದುಬಿಡಿ.”

“ಲೇಖನ ಪ್ರಕಟವಾಗಿದೆ ಸಾರ್.”

“ನಿಮ್ಮ ಕಡೆಯವರು ಅಂತಲೋ?”

ನಾನು ಮಧುಗಿರಿಯವಳು. ಸ್ವಲ್ಪ ಅದೂ ಹೌದು. ಆದರೆ ಆ ಸೂಜಿ ಕಿತ್ತರೆ, ಮೇಷ್ಟರು ದೇಶದ ವಿಜ್ಞಾನದಲ್ಲೇ ಇಲ್ಲವೆಂದಾಗುವುದಿಲ್ಲವೆ?

“ಒಬ್ಬರೇ ಇದ್ದಾರೆ ಅನ್ನೋದನ್ನೂ ಮ್ಯಾಪ್ ಹೇಳಬೇಕಲ್ವಾ ಸಾರ್?” ಎಂದೆ.

ಅವರು ಸೂಜಿಯಿಂದ ಬೆರಳು ತೆಗೆದು ಹೊರಟರು. ಸೂಜಿ ಉಳಿಯಿತು.

ಮರುದಿನ ಕೊಯಮತ್ತೂರಿನ ಹಿರಿಯ ವಿಜ್ಞಾನಿಯೊಬ್ಬರು ದಟ್ಟ ಜಡೆಗಳನ್ನೆಲ್ಲ ದಾಟಿ ಬಂದು, ಆ ಸೂಜಿಯ ಮುಂದೆ ಕನ್ನಡಕ ಸರಿಮಾಡಿಕೊಂಡರು. ಒಂಟಿಯಾಗಿರುವ ಇವರು ಯಾರು ಎಂದು ಕೇಳಿದರು. ನೋಡಿದರೆ, ಅವರು ತಲೆ ಕೆಡಿಸಿಕೊಂಡದ್ದೂ ಅದೇ ಕಡಲೆಕಾಯಿ ರೋಗಕ್ಕೆ! ಮೇಷ್ಟರ ವಿಳಾಸ ಪಡೆದುಕೊಂಡು ಹೋದರು.

ನಮ್ಮ ಕಡೆ ಯಾರ ಮನೆಯ ಹೆಣ್ಣು ಯಾರ ಮನೆಗೆ ಸೇರಿದೆ ಎಂಬುದು ಎಲ್ಲರಿಗೂ ಬಾಯಿಪಾಠ. ಒಂದೇ ಪ್ರಶ್ನೆಯ ಹಿಂದೆ ಬಿದ್ದ ಇಬ್ಬರು ಎಲ್ಲೆಲ್ಲಿದ್ದಾರೆ ಎಂಬುದು ಯಾರಿಗೆ ಗೊತ್ತಿರುತ್ತದೆ?

ಈ ತಿಂಗಳ ಪತ್ರಿಕೆಯಲ್ಲಿ ಇಬ್ಬರ ಹೆಸರೂ ಒಟ್ಟಿಗೆ ಬಂದಿದೆ. ಮೊದಲು ಮೇಷ್ಟರದು. ಅಷ್ಟರಲ್ಲಿ ನನ್ನ ಕೆಂಪು ದಾರ ಮುಗಿದಿತ್ತು. ಅದೇ ಬಣ್ಣ ಸಿಗುವುದು ಶಿರಾದ ಈ ಅಂಗಡಿಯಲ್ಲೇ.

ಕಥೆಯೆಲ್ಲ ಕೇಳಿದ ಸಾಹೇಬರು ಗದ್ದ ಕೆರೆದುಕೊಂಡರು. “ಪಾವಗಡ ಐತೆ. ನಮ್ ಶಿರಾ?”

“ಇನ್ನೂ ಇಲ್ಲ.”

“ಭಲೇ! ದಾರ ನಮ್ದು, ಹೆಸ್ರು ಪಾವಗಡದ್ದು!” ನಗುತ್ತಲೇ ಅವರು ಎರಡೂ ಕೈ ಚಾಚಿ ಒಂದು ಮಾರು ಅಳೆದರು. “ತಗಂಡೋಗು ಬೇಟಿ. ಮುಂದ್ಕೂ ಬೇಕಾಯ್ತದೆ.”

ಸೋಮವಾರ ದಾರ ಕಟ್ಟಿದೆ. ಕೊಯಮತ್ತೂರಿನ ತುದಿ ಹಿಡಿದುಕೊಂಡದ್ದು ಮುಖ್ಯಸ್ಥರೇ. ಆಫೀಸಿನಲ್ಲಿ ಯಾರೆದುರೂ ಆಡಲಿಲ್ಲ, ಇಲ್ಲಿ ಹೇಳಿಬಿಡುತ್ತೇನೆ: ಡಿಗ್ರಿ ಕೈಗೆ ಬಂದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಅಂದು ಆ ಸೂಜಿಯನ್ನು ಕಿತ್ತಿದ್ದರೆ, ಇಂದು ಗಂಟು ಹಾಕುತ್ತಿದ್ದುದು ಎಲ್ಲಿಗೆ?