ಗಂಜಿಗೆ ಬಗ್ಗದ ಬೀಡು

ಬೆಳಗಿನ ಆರು ಗಂಟೆ. ಶಿವಮೊಗ್ಗದ ಸವಳಂಗ ರಸ್ತೆಯ ಅಂಗಡಿಗಳ ಷಟರ್‌ಗಳು ಇನ್ನೂ ಎದ್ದಿಲ್ಲ. ಹೊಸದಾಗಿ ಕಟ್ಟಿದ ನಾಲ್ಕು ಅಂತಸ್ತಿನ ಕಟ್ಟಡದ ಕೆಳಗಿನ ಮಳಿಗೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಚೂಡಿದಾರದ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ದುಪಟ್ಟಾವನ್ನು ತಲೆಗೆ ಬಿಗಿದುಕೊಂಡ ಸಲೀಮಾ ಏಣಿಯ ಮೇಲಿದ್ದಾರೆ. ಚಾವಣಿಯಡಿ ತೂಗುಹಾಕಿದ ಕಪ್ಪು ಪೈಪಿನ ಮೇಲೆ ರಸಮಟ್ಟ ಇಟ್ಟು, ಒಂದು ಕಣ್ಣು ಮುಚ್ಚಿ, ಅದರೊಳಗಿನ ಗುಳ್ಳೆ ಎತ್ತ ಸರಿಯುತ್ತದೆಂದು ನೋಡುತ್ತಾರೆ. ಇಳಿಜಾರು ಸರಿಯಾಗಿದೆ. ಆದರೂ ಸ್ಪ್ಯಾನರ್ ತೆಗೆದು ಕ್ಲಾಂಪನ್ನು ಇನ್ನಷ್ಟು ಬಿಗಿ ಮಾಡುತ್ತಾರೆ.

"ಸಾಕು ಕಣೇ, ಇನ್ನೂ ಬಿಗಿದ್ರೆ ಪೈಪೇ ಅಳುತ್ತೆ," ಎನ್ನುತ್ತಾರೆ ಕೆಳಗೆ ಏಣಿ ಹಿಡಿದು ನಿಂತಿರುವ ಪತಿ ಪೀರ್ ಬಾಷಾ.

"ಪೈಪ್ ಅಳ್ಲಿ. ಭಾನುವಾರ ನಾನು ಅಳೋದು ಬೇಡ."

ಭಾನುವಾರ ಮೇಲಿನ ಮಹಡಿಯ ಸಭಾಂಗಣದಲ್ಲಿ ಮೊದಲ ಮದುವೆ. ಅಲ್ಲಿನ ಅಡುಗೆಮನೆಯ ಕೊಳೆನೀರೆಲ್ಲ ಹರಿಯಬೇಕಾದದ್ದು ಈ ಪೈಪಿನಲ್ಲೇ. ಪೈಪಿನ ಕೆಳಗಿರುವ ಈ ಮಳಿಗೆಗೆ ಬರುವುದು ಸೀರೆ ಅಂಗಡಿ. ಒಂದು ಹನಿ ಜಿನುಗಿದರೂ ಕೆಲಸವನ್ನು ಬೇರೆಯವರಿಗೆ ಕೊಡುವುದಾಗಿ ಕಟ್ಟಡದ ಮಾಲೀಕ ಹೊನ್ನಯ್ಯ ಮೊದಲೇ ಹೇಳಿಬಿಟ್ಟಿದ್ದಾರೆ. ಅದರ ಪರೀಕ್ಷೆ ಇವತ್ತು.

ಸಲೀಮಾ ಪ್ಲಂಬಿಂಗ್‌ಗೆ ಹೊಸಬರಲ್ಲ. ಮದುವೆಯಾದ ಲಾಗಾಯ್ತು ಗಂಡನ ಜೊತೆ ಪೈಪ್ ಕೊಯ್ದು, ಜೋಡಿಸಿ ಪಳಗಿದವರು. ಆದರೆ ಎಲ್ಲೇ ಹೋದರೂ ಅದು 'ಪೀರ್ ಬಾಷಾ ಮಾಡಿದ ಕೆಲಸ'ವೇ. ಈಚೆಗೆ ಪೀರ್ ಬಾಷಾರಿಗೆ ಮಂಡಿನೋವು ಹೆಚ್ಚಾಗಿ, ಭಾರ ಹೊತ್ತು ಓಡಾಡುವುದು ಆಗದಾಯಿತು. ಹೀಗಾಗಿ ಒಂದಿಡೀ ಕಟ್ಟಡದ ಒಳಚರಂಡಿ ಕೆಲಸವನ್ನು ಸಲೀಮಾ ತಮ್ಮದೇ ಹೆಸರಿನಲ್ಲಿ ಹಿಡಿದಿರುವುದು ಇದೇ ಮೊದಲು. "ಇವ್ರು ಮಾಡಿದ್ ಸೋರಿದ್ರೆ ಪೈಪ್ ಸರಿ ಇರಲಿಲ್ಲ ಅಂತಾರೆ. ನಾನು ಮಾಡಿದ್ ಸೋರಿದ್ರೆ ಹೆಂಗಸು ಸರಿ ಇರಲಿಲ್ಲ ಅಂತಾರೆ. ಅಷ್ಟೇ ವ್ಯತ್ಯಾಸ," ಎಂದು ನಗುತ್ತಾರೆ.

ಅವರ ಮನೆ ಇರುವುದು ಭದ್ರಾವತಿಯಲ್ಲಿ. ತಂದೆ ಅಲ್ಲಿನ ಸಣ್ಣ ಎರಕದ ಕಾರ್ಖಾನೆಯೊಂದರಲ್ಲಿ ಮರಳಿನ ಅಚ್ಚು ಕಟ್ಟುತ್ತಿದ್ದರು. ಎರಕದ ಕಬ್ಬಿಣಕ್ಕೆ ಅವರ ಮನೆಮಾತಿನಲ್ಲಿ ಒಂದೇ ಹೆಸರು, ಬೀಡು. ಬುತ್ತಿ ಕೊಡಲು ಹೋದ ಮಗಳಿಗೆ ತಂದೆ ಬೀಡು ಪೈಪನ್ನು ಸುತ್ತಿಗೆಯಿಂದ ತಟ್ಟಿ ಕೇಳಿಸುತ್ತಿದ್ದರು. ಠಣ್ ಎಂದರೆ ಗಟ್ಟಿ, ಲೊಟ್ ಎಂದರೆ ಒಳಗೆಲ್ಲೋ ಬಿರುಕು. ಆ ಕಿವಿ ಸಲೀಮಾಗೆ ಇನ್ನೂ ಇದೆ. ಬೀಡಿನ ಮೇಲಿನ ಮೋಹವೂ ಇದೆ.

ಈ ಮೋಹವೇ ಕಟ್ಟಡದ ಎಂಜಿನಿಯರ್ ನಿರಂಜನ ಅವರೊಡನೆ ವಾದಕ್ಕೆ ಕಾರಣವಾಯಿತು. ನಿರಂಜನ ನಕ್ಷೆಯಲ್ಲಿ ಇಡೀ ಕಟ್ಟಡಕ್ಕೆ ಪಿವಿಸಿ ಬರೆದಿದ್ದರು. ಹಗುರ, ಬೇಗ ಮುಗಿಯುತ್ತದೆ, ತುಕ್ಕು ಹಿಡಿಯುವುದಿಲ್ಲ. ಸಲೀಮಾ ಇಡೀ ಕಟ್ಟಡಕ್ಕೆ ಬೀಡು ಬೇಕೆಂದು ಪಟ್ಟು ಹಿಡಿದರು. ನಿರಂಜನ ಸಿಟ್ಟಾಗಲಿಲ್ಲ. ಮೇಲಿನ ಅಂತಸ್ತುಗಳವರೆಗೂ ಬೀಡು ಏರಿಸಿದರೆ ಎಷ್ಟು ಭಾರ, ಅದನ್ನು ಹೊರಲು ಎಂಥ ಆಸರೆ ಬೇಕು ಎಂದು ಲೆಕ್ಕ ಹಾಕಿ ತೋರಿಸಿದರು. ವಸತಿ ಕೋಣೆಗಳ ಸ್ನಾನದ ನೀರಿಗೆ ಅಷ್ಟು ಗಟ್ಟಿ ಪೈಪು ಬೇಕಿಲ್ಲ ಎಂಬುದನ್ನು ಸಲೀಮಾ ಒಪ್ಪಿಕೊಂಡರು. ಆಮೇಲೆ ತಮ್ಮದೊಂದು ಪ್ರಶ್ನೆ ಕೇಳಿದರು.

"ಸರ್, ಮದುವೆ ಅಡುಗೇಲಿ ಅನ್ನ ಕುಕ್ಕರಲ್ಲಿ ಮಾಡ್ತಾರಾ, ಬಸೀತಾರಾ?"

ನಿರಂಜನ ಪೆನ್ನು ಕೆಳಗಿಟ್ಟರು. ದೊಡ್ಡ ಅಡುಗೆಯಲ್ಲಿ ಕೊಪ್ಪರಿಗೆಗಟ್ಟಲೆ ಅನ್ನ ಬಸಿಯುತ್ತಾರೆ. ಕುದಿಯುವ ಗಂಜಿಯನ್ನು ಆರಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ, ನೇರ ಮೋರಿಗೆ ಸುರಿಯುತ್ತಾರೆ. ಪಿವಿಸಿ ಎಂಬತ್ತು ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಒಲೆಯಿಂದ ಇಳಿದ ಗಂಜಿ ನೂರರ ಹತ್ತಿರ ಇರುತ್ತದೆ. ನೀರಿನಂತೆ ಓಡಿಹೋಗದೆ, ಪೈಪಿಗೆ ಮೆತ್ತಿಕೊಂಡು ಬಿಸಿ ಬಿಡುತ್ತಾ ನಿಧಾನವಾಗಿ ಸಾಗುತ್ತದೆ. ಸಲೀಮಾ ಹಿಂದೊಮ್ಮೆ ಬೇರೊಂದು ಸಭಾಂಗಣದ ರಿಪೇರಿಗೆ ಹೋದಾಗ ಕಂಡದ್ದು ಇದನ್ನೇ. ಎರಡು ಕ್ಲಾಂಪುಗಳ ನಡುವೆ ಪ್ಲಾಸ್ಟಿಕ್ ಪೈಪು ತೊಟ್ಟಿಲಂತೆ ಜೋತುಬಿದ್ದಿತ್ತು. ಆ ತಗ್ಗಿನಲ್ಲಿ ಗಂಜಿ ಹೆಪ್ಪುಗಟ್ಟಿ ಕೂತಿತ್ತು. "ತಣ್ಣೀರು ಬಿಟ್ಟು ಟೆಸ್ಟ್ ಮಾಡಿದ್ರಂತೆ ಅವ್ರು. ತಣ್ಣೀರಿಗೆ ಯಾವ ಪೈಪ್ ಸರ್ ಫೇಲ್ ಆಗುತ್ತೆ?"

ಕೊನೆಗೆ ಇಬ್ಬರೂ ಒಪ್ಪಿದ ದಾರಿ ಇದು: ಮೇಲಿನ ಕೋಣೆಗಳಿಗೆ ಪಿವಿಸಿ, ಅಡುಗೆಮನೆಯ ಸಾಲಿಗೆ ಬೀಡು. ಭಾರ ತಡೆಯಲು ಪ್ರತಿ ಜೋಡಣೆಯ ಪಕ್ಕ ಆಸರೆ ಇರಬೇಕೆಂದು ನಿರಂಜನ ಬರೆದುಕೊಟ್ಟರು. ಗಂಜಿಯಿಂದಲೇ ಪರೀಕ್ಷೆ ಆಗಬೇಕೆಂದು ಸಲೀಮಾ ಕೇಳಿಕೊಂಡರು.

ಹಾಗಾಗಿ ಇವತ್ತು ಮದುವೆಗೆ ಮೊದಲೇ ಮದುವೆ ಅಡುಗೆ. ಬಿಸಿಲೇರುವ ಹೊತ್ತಿಗೆ ಮೇಲೆ ಒಲೆಗಳು ಹೊತ್ತಿಕೊಂಡಿವೆ. ಅಡುಗೆಯ ಮುಖ್ಯಸ್ಥೆ ಕರಿಬಸಮ್ಮ ಮೂರು ಕೊಪ್ಪರಿಗೆ ಅನ್ನ ಬೇಯಿಸುತ್ತಿದ್ದಾರೆ. ಕಟ್ಟಡದ ಕೆಲಸಗಾರರಿಗೆಲ್ಲ ಮಧ್ಯಾಹ್ನ ಅದೇ ಊಟ. ಕೆಳಗೆ ನೆಲದ ತುಂಬ ಹಳೆಯ ದಿನಪತ್ರಿಕೆ ಹಾಸಿದೆ. ಪರೀಕ್ಷೆ ನೋಡಲು ಬಂದ ಹೊನ್ನಯ್ಯ ಬಾಗಿಲ ಬಳಿ ನಿಂತಿದ್ದಾರೆ. ಪೀರ್ ಬಾಷಾ, ಮಂಡಿನೋವನ್ನೂ ಲೆಕ್ಕಿಸದೆ, ಏಣಿ ಹತ್ತಿ ಜೋಡಣೆಗಳ ಹತ್ತಿರ ಟಾರ್ಚ್ ಹಿಡಿದಿದ್ದಾರೆ. ನಿರಂಜನ ಪೈಪಿನ ಉದ್ದಕ್ಕೂ ದಾರವೊಂದನ್ನು ಬಿಗಿದು ಕಟ್ಟಿದ್ದಾರೆ. ಪೈಪು ಕೂದಲೆಳೆಯಷ್ಟು ಬಾಗಿದರೂ ದಾರ ಹೇಳುತ್ತದೆ.

ಮೆಟ್ಟಿಲ ಬಳಿಯಿಂದ ಕರಿಬಸಮ್ಮನ ಕೂಗು. "ಏ ಸಲೀಮಾ, ಸುರೀಲಾ? ಇಲ್ಲ, ಇನ್ನೊಂದ್ಸಲ ದುವಾ ಮಾಡ್ಕೊಂಡು ಬರ್ತೀಯಾ ಮಾರಾಯ್ತಿ?"

"ಸುರೀರಿ ಅಕ್ಕ! ದಾಕ್ಷಿಣ್ಯ ನೋಡ್ಬೇಡಿ. ಮದುವೆ ದಿನ ಗಂಡಿನ ಕಡೆಯೋರು ಪಂಕ್ತೀಲಿ ಕೂತಾಗ ಹೆಂಗ್ ಸುರೀತೀರೋ ಹಂಗೇ!"

ಮೇಲೆ ಧಡಧಡ ಸದ್ದು. ಮೂರೂ ಕೊಪ್ಪರಿಗೆಗಳ ಗಂಜಿ ಒಂದರ ಹಿಂದೊಂದರಂತೆ ಇಳಿಯುತ್ತದೆ. ಕಪ್ಪು ಪೈಪು ಒಮ್ಮೆ ಗುಡುಗಿ, ಗಂಟಲು ಸರಿಮಾಡಿಕೊಂಡು ಸುಮ್ಮನಾಗುತ್ತದೆ. ಅದರ ಮೈ ಬಿಸಿಯಾಗುತ್ತದೆ, ಮೇಲಿಂದ ಮೆಟ್ಟಿಲಿಳಿದು ಅನ್ನದ ಘಮ. ದಾರ ಕದಲಿಲ್ಲ. ಸಲೀಮಾ ಉಸಿರು ಬಿಡುವಷ್ಟರಲ್ಲಿ ಪತ್ರಿಕೆಯ ಮೇಲೆ ಟಪ್ ಎಂದು ಒಂದು ಹನಿ.

"ಬಿತ್ತು! ನೋಡ್ರೀ, ಬಿತ್ತು!" ಹೊನ್ನಯ್ಯ ಬೆರಳು ತೋರಿಸುತ್ತಾರೆ. "ನಾನು ಹೇಳಿರಲಿಲ್ವೇನಮ್ಮಾ?"

ಸಲೀಮಾ ಪತ್ರಿಕೆಯತ್ತ ಧಾವಿಸುತ್ತಾರೆ. ಮಂಡಿಯೂರಿ ಹನಿಯನ್ನು ಬೆರಳಲ್ಲಿ ಮುಟ್ಟುತ್ತಾರೆ. ಸುಡುತ್ತಿಲ್ಲ. ಹೆಬ್ಬೆರಳಿಗೆ ಉಜ್ಜುತ್ತಾರೆ. ಅಂಟುತ್ತಿಲ್ಲ. ಮೂಸುತ್ತಾರೆ. ಗಂಜಿಯ ವಾಸನೆಯಿಲ್ಲ. ತಲೆ ಎತ್ತಿ ನೋಡಿದರೆ, ಬಿಸಿ ಪೈಪಿಗೆ ಮುಖ ಹತ್ತಿರ ಹಿಡಿದ ಪೀರ್ ಬಾಷಾರ ಮೂಗಿನ ತುದಿಯಲ್ಲಿ ಎರಡನೆಯ ಹನಿ ಸಿದ್ಧವಾಗಿದೆ.

"ಯಜಮಾನ್ರೇ, ಪೈಪ್ ಸೋರ್ತಿಲ್ಲ. ನಮ್ಮ ಮನೆಯವ್ರು ಸೋರ್ತಿದಾರೆ!"

ಹೊನ್ನಯ್ಯನವರಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಗುತ್ತದೆ. ಆಮೇಲೆ ಅವರ ನಗೆಯೇ ಎಲ್ಲರದಕ್ಕಿಂತ ಜೋರು. ನಿರಂಜನ ಮಾತ್ರ ಕೈಯೆತ್ತಿ, "ಇನ್ನೂ ಒಂದಿದೆ, ಕಾಯ್ದ ಪೈಪಿಗೆ ತಕ್ಷಣ ತಣ್ಣೀರು ಬಿಡಿ," ಎನ್ನುತ್ತಾರೆ. ಹಿಗ್ಗಿದ ಕಬ್ಬಿಣ ಥಟ್ಟನೆ ಕುಗ್ಗಿದಾಗಲೇ ಜೋಡಣೆಗಳಿಗೆ ನಿಜವಾದ ಸತ್ವಪರೀಕ್ಷೆ. ತಣ್ಣೀರು ಇಳಿಯುತ್ತದೆ. ಟಾರ್ಚಿನ ಬೆಳಕು ಒಂದೊಂದೇ ಜೋಡಣೆಯನ್ನು ದಾಟುತ್ತದೆ. ಪೈಪಿನಿಂದ ಪತ್ರಿಕೆಗೆ ಒಂದು ಹನಿಯೂ ಬಿದ್ದಿಲ್ಲ.

"ಪಾಸ್," ಎನ್ನುತ್ತಾರೆ ನಿರಂಜನ, ಸಲೀಮಾರ ಕೈ ಕುಲುಕುತ್ತಾ.

ಹೊನ್ನಯ್ಯ ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಾರೆ. ನಗುವಿಗೆ ಬಂದ ನೀರು. "ಭಾನುವಾರ ಇಬ್ರೂ ಮದುವೆಗೆ ಬನ್ನಿ ತಾಯಿ. ಇಲ್ಲಿ ನಿಂತು ಚಾವಣಿ ನೋಡೋಕಲ್ಲ, ಮೇಲೆ ಕೂತು ಉಣ್ಣೋಕೆ." ಅಲ್ಲೇ ನಿಂತು, ಭದ್ರಾವತಿಯಲ್ಲಿ ನರ್ಸಿಂಗ್ ಹೋಮ್ ಕಟ್ಟಿಸುತ್ತಿರುವ ನೆಂಟರಿಗೆ ಫೋನ್ ಮಾಡುತ್ತಾರೆ. "ಚರಂಡಿ ಲೈನಿಗೆ ಸಲೀಮಾ ಅಂತ ಒಬ್ರಿದಾರೆ. ಹೂಂ, ಹೆಂಗಸೇ. ಅವ್ರನ್ನೇ ಕರ್ಸು."

ಅಲ್ಲಿಯೂ ಬೀಡೇ ತಾನೇ ಎಂದು ಗಂಡ ಕೆಣಕಿದರೆ ಸಲೀಮಾ ತಲೆ ಅಲ್ಲಾಡಿಸುತ್ತಾರೆ. "ಲ್ಯಾಬಲ್ಲಿ ಆ್ಯಸಿಡ್ ಸುರೀತಾರೆ. ಬೀಡನ್ನ ತಿಂದ್ಹಾಕುತ್ತೆ ಅದು. ಮೊದ್ಲು ಯಾರು ಏನೇನು ಚೆಲ್ತಾರೆ ಅಂತ ಕೇಳ್ಬೇಕು, ಆಮೇಲೆ ಪೈಪು."

ಊಟಕ್ಕೆ ಎಲೆ ಹಾಕಿದ್ದಾರೆಂದು ಕರಿಬಸಮ್ಮ ಕರೆಯುತ್ತಿದ್ದಾರೆ. ಸಲೀಮಾ ಕೈ ತೊಳೆದು ಮೆಟ್ಟಿಲ ಕಡೆ ನಡೆಯುತ್ತಾರೆ. ಇನ್ನು ಬೇಕಾದದ್ದೇನು ಎಂದು ಕೇಳಿದರೆ ನಿಂತು ಯೋಚಿಸುತ್ತಾರೆ.

"ನಮ್ಮ ಕೆಲಸ ಚೆನ್ನಾಗಿದ್ರೆ ಯಾರ ಕಣ್ಣಿಗೂ ಬೀಳಲ್ಲ, ಮೂಗಿಗೂ ಬೀಳಲ್ಲ. ಹೆಸರೊಂದು ನಾಲ್ಕು ಜನರ ಕಿವಿಗೆ ಬೀಳ್ಲಿ. ಅಷ್ಟು ಸಾಕು."