ಕೈಬ್ರೇಕಿನ ಬದಲಿಗೆ ಒಬ್ಬ ಮಾಸ್ತರ

"ಮಾಸ್ತರ, ಮನ್ಯಾಗ ಯಾರ್ಯಾರು ಅದಾರ್ರಿ?"

ಬೀದರದಿಂದ ಭಾಲ್ಕಿಗೆ ಹೋಗುವ ಮೋಟಾರು ಹತ್ತುವಾಗ ಡ್ರೈವರ್ ಶರಣಪ್ಪ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಯಾರೂ ಇಲ್ಲ ಎಂದೆ. "ಹಂಗಾರ ನೀವು ಹಿಂದ ಬಾಗಲದಾಗ ಕುಂದರ್ರಿ" ಎಂದು ನನ್ನ ಕೈಗೆ ದಪ್ಪನೆಯ ಜಾಲಿ ಕಟ್ಟಿಗೆಯ ತುಂಡೊಂದನ್ನು ಕೊಟ್ಟ.

ಕಟ್ಟಿಗೆ ಯಾಕೆ ಅಂತೀರಾ? ಆ ಮೋಟಾರಿಗೆ ಕೈಬ್ರೇಕೇ ಇರಲಿಲ್ಲ. ಅಂದರೆ, ಮೊದಲು ಇತ್ತು. ಕೆಟ್ಟ ಮೇಲೆ ಶರಣಪ್ಪ ಬಿಚ್ಚಿಟ್ಟ. ಔರಾದದ ಮನುಷ್ಯ, ಮಾತು ಮೆತ್ತಗೆ, ಕೈ ಬಲು ಬಿಗಿ. ಹೊಸ ಸಾಮಾನು ಹೈದರಾಬಾದಿನಿಂದ ತರಿಸಿದರೆ ಖರ್ಚು. ಜಾಲಿ ಕಟ್ಟಿಗೆ ಪುಕ್ಕಟೆ. ನಾನಂತೂ ಇನ್ನೂ ಪುಕ್ಕಟೆ!

ಪೆಟ್ರೋಲ್ ಉಳಿಸಲು ಅವನು ಇಳಿಜಾರಿನಲ್ಲೇ ಗಾಡಿ ನಿಲ್ಲಿಸಿ ಇಂಜಿನ್ ಬಂದ್ ಮಾಡುತ್ತಿದ್ದ. ನಾನು ಜಿಗಿದು ಗಾಲಿಗೆ ಕಟ್ಟಿಗೆ ಕೊಡಬೇಕು. ಜನ ಹತ್ತಿದ ಮೇಲೆ ಅದನ್ನು ಹೊಡೆದು ತೆಗೆಯಬೇಕು. ಗಾಡಿ ತಾನೇ ಉರುಳಿ ಇಂಜಿನ್ ಚಾಲೂ ಆಗುತ್ತಿತ್ತು. ನಾನು ಧೋತರ ಎತ್ತಿಕೊಂಡು ಹಿಂದೆ ಓಡಿ ಹತ್ತಬೇಕು. (ಶಾಲೆಯಲ್ಲಿ ಲೆಕ್ಕ ಕಲಿಸುವವನ ಅವತಾರ ನೋಡಿ!) ಹೆಂಡತಿ ಮಕ್ಕಳಿದ್ದವರಿಗೆ ಈ ಕೆಲಸ ಹೇಳಲು ಅವನಿಗೆ ಧೈರ್ಯವಿರಲಿಲ್ಲ. ನನಗೇನಾದರೂ ಆದರೆ ಕೇಳಲು ಬರುವವರು ಯಾರು?

ಸಿಟ್ಟು ಬರಲಿಲ್ಲವೇ ಎಂದು ಕೇಳಬೇಡಿ. ಖುಷಿಯಾಗಿತ್ತು. ಗುರುವಾರ ಸಂಜೆ ಶಾಲೆ ಬಿಟ್ಟರೆ, ನಮ್ಮ ಸಂಸ್ಥಾನದ ಶುಕ್ರವಾರದ ರಜೆ ಮುಗಿಯುವವರೆಗೆ ಬೀದರದ ಮೈಲೂರಿನ ನನ್ನ ಕೋಣೆಯಲ್ಲಿ ಒಂದು ಮಾತು ಹುಟ್ಟುವುದಿಲ್ಲ. ಯಾರ ಹತ್ತಿರ ಆಡಲಿ? ಮೋಟಾರಿನಲ್ಲಿ ಮಾತ್ರ, "ಮಾಸ್ತರ ಬಂದ್ರೇನ್ರಿ? ಅವರು ಬರೋ ತನಕ ಗಾಡಿ ಹೊಂಡಂಗಿಲ್ಲ" ಎನ್ನುತ್ತಿದ್ದರು. ನನಗಾಗಿ ಕಾಯುವ ಜನ! ಭಾಲ್ಕಿಯಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಆದರೂ ಮೂರು ತಿಂಗಳು ಪ್ರತಿ ಶುಕ್ರವಾರ ಹೋದೆ. ಚಹಾ ಕುಡಿದು ಅದೇ ಗಾಡಿಗೆ ವಾಪಸ್ಸು.

ಹೋದ ತಿಂಗಳ ಒಂದು ಶುಕ್ರವಾರ, ಬೀದರದ ಇಳಿಜಾರಿನಲ್ಲಿ ಗಾಡಿ ನಿಂತಿತು. ಶರಣಪ್ಪ ಕಾಲಬ್ರೇಕು ಒತ್ತಿ ಹಿಡಿದಿದ್ದ. ನಾನು ಕಟ್ಟಿಗೆ ಕೊಡುತ್ತಿದ್ದೆ. ಮೆಹಕರದ ಕಾಶೀಬಾಯಿ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡವರು, ಒಳಗಿನಿಂದ ಕರೆದರು.

"ಮಾಸ್ತರ, ಇಕಾ, ನಿಮಗಂತ ಶೇಂಗಾ ಹೋಳಗಿ ತಂದೀನ್ರಿ. ತಗೋರಿ."

ನನಗಂತ! ಕಟ್ಟಿಗೆಯನ್ನು ಕಾಲಿನಿಂದ ಒತ್ತಿದೆ. ಸರಿಯಾಗಿ ಕೂತಿತೋ ಇಲ್ಲವೋ ನೋಡಲಿಲ್ಲ. ಶರಣಪ್ಪ ಬೀಡಿ ಸೇದಲು ಇಳಿದ, ನಾನು ಕಿಟಕಿಗೆ ಕೈ ಚಾಚಿದೆ. ಹೋಳಿಗೆ ಕೈಗೆ ಬಂತು, ಗಾಡಿ ಹೊರಟಿತು. ಡ್ರೈವರನ ಜಾಗದಲ್ಲಿ ಯಾರೂ ಇರಲಿಲ್ಲ.

ಅಯ್ಯಯ್ಯೋ ಎಂದು ಕಿರುಚುತ್ತ ಓಡಿದೆ. ಶರಣಪ್ಪ ಹೇಗೋ ಹಾರಿ ಒಳಗೆ ಬಿದ್ದು ಸ್ಟೀರಿಂಗ್ ತಿರುಗಿಸಿದ. ಗಾಡಿ ಮಣ್ಣಿನ ದಿಬ್ಬಕ್ಕೆ ಗುದ್ದಿ ನಿಂತಿತು. ಇನ್ನು ನಾಲ್ಕು ಮಾರು ಹೋಗಿದ್ದರೆ ಕಂದಕ.

ಕಾಶೀಬಾಯಿಯ ಮುಂಗೈ ಮುರಿದಿತ್ತು. ಮಗುವಿನ ಹಣೆಯಲ್ಲಿ ರಕ್ತ. "ದೇವ್ರು ದೊಡ್ಡಾಂವ, ಪಾರಾದ್ವಿ" ಎಂದ ಶರಣಪ್ಪ. ಕಾಶೀಬಾಯಿ ಅವನತ್ತ ನೋಡಲೇ ಇಲ್ಲ. ನನ್ನನ್ನು ಕೇಳಿದರು.

"ಬ್ರೇಕ ಇಲ್ಲಂತ ನಿಮಗ ಗೊತ್ತಿತ್ತೇನ್ರಿ?"

ಗೊತ್ತಿತ್ತು ತಾಯಿ. ಮೂರು ತಿಂಗಳಿಂದ ಗೊತ್ತಿತ್ತು. ಬಾಯಿ ಬಿಟ್ಟಿದ್ದರೆ ಬ್ರೇಕು ಬರುತ್ತಿತ್ತು, ನನ್ನ ಕೆಲಸ ಹೋಗುತ್ತಿತ್ತು. ಶರಣಪ್ಪ ರೊಕ್ಕ ಉಳಿಸಿದ. ನಾನು ನನ್ನ ಜಾಗ ಉಳಿಸಿಕೊಂಡೆ. ಇಬ್ಬರಲ್ಲಿ ಯಾರು ಹೆಚ್ಚು ಜುಗ್ಗ? ನೀವೇ ಹೇಳಿ.

ಮರುದಿನ ಮೋಟಾರುಗಳ ಉಸ್ತುವಾರಿ ನೋಡುವ ಸರಕಾರಿ ಕಚೇರಿಗೆ ಅರ್ಜಿ ಕೊಟ್ಟೆ. ತಪ್ಪಿತಸ್ಥರ ಸಾಲಿನಲ್ಲಿ ನನ್ನ ಹೆಸರನ್ನೂ ಬರೆದೆ. ಕೈಬ್ರೇಕು ಹಾಕುವ ತನಕ ಗಾಡಿ ಹೊರಡಕೂಡದೆಂದು ಹುಕುಂ ಆಯಿತು. "ನನ್ನ ಹೊಟ್ಟಿ ಮ್ಯಾಲ ಹೊಡದ್ರಲ್ರಿ ಮಾಸ್ತರ" ಎಂದ ಶರಣಪ್ಪ. ಅಂದಿನಿಂದ ನನ್ನೊಂದಿಗೆ ಮಾತಿಲ್ಲ. ಆದರೆ ಬ್ರೇಕು ಹಾಕಿಸಿದ.

ನಿನ್ನೆ ಶುಕ್ರವಾರ. ಮೋಟಾರು ನಿಲ್ಲುವಲ್ಲಿಗೆ ಹೋದೆ, ಎರಡು ನಿಮಿಷ ತಡವಾಗಿ. (ಬೇಕೆಂದೇ.)

ಗಾಡಿ ಹೊತ್ತಿಗೆ ಸರಿಯಾಗಿ ಹೊರಟುಹೋಗಿತ್ತು. ಅದೇ ಸರಿ, ಅಲ್ಲವೇ?