ಪೂಜೆಗಿಟ್ಟ ಬಂದೂಕು

ಮೊಲೆಂ ಹತ್ತಿರದ ಗೇರುತೋಟದಲ್ಲಿ ನನ್ನ ಗಂಡ ಕಾವಲುಗಾರ, ನಾನು ಕೂಲಿಯವಳು. ದಸರೆಯ ಖಂಡೆ ಪೂಜೆಗೆ ಕುಡಗೋಲು, ಗುದ್ದಲಿಗಳನ್ನು ಸಾಲಾಗಿ ಇಟ್ಟಾಗ ತೋಟದ ಧಣಿ ತಮ್ಮ ಅಜ್ಜನ ಕಾಲದ ಜೋಡಿ ನಳಿಗೆ ಬಂದೂಕನ್ನೂ ತಂದಿಟ್ಟರು. ನಳಿಗೆಯ ತುಂಬಾ ಹಾವಿನ ಪೊರೆಯಂಥ ಗೆರೆಗಳು. ನಾನೇ ಅದಕ್ಕೆ ಕುಂಕುಮ ಹಚ್ಚಿ, ತುದಿಗೆ ಚೆಂಡುಹೂ ಕಟ್ಟಿದೆ.

ಮರುದಿನ, ಪೂಜೆಯಿಂದ ಎತ್ತಿದ ಆಯುಧವನ್ನು ಒಮ್ಮೆ ಬಳಸಿಯೇ ಕೆಳಗಿಡುವುದು ನಮ್ಮ ಮನೆಯ ಪದ್ಧತಿ. ಕುಡಗೋಲಿನಿಂದ ಹುಲ್ಲು ಕೊಯ್ದೆವು, ಗುದ್ದಲಿಯಿಂದ ಮಣ್ಣು ಕೆದಕಿದೆವು.

"ಬಂದೂಕ ಹಾರಿಸದ ಹಂಗ ಇಡಾಕ ಬರಂಗಿಲ್ರಿ" ಎಂದ ನನ್ನ ಗಂಡ.

ಧಣಿ ಮಡಗಾಂವದಿಂದ ತಂದಿದ್ದ ಹೊಸ ಕಾಡತೂಸನ್ನು ಅವನಿಗೆ ಕೊಟ್ಟು, ವರಾಂಡದ ಕಂಬದ ಹಿಂದೆ ಹೋಗಿ ನಿಂತರು. ಸದ್ದಿಗೆ ಹೆದರಿದರೆಂದು ನಾನು ಒಳಗೊಳಗೇ ನಕ್ಕೆ. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ನನ್ನ ಗಂಡ ಹಾರಿಸಿದ. ನಳಿಗೆ ಆ ಗೆರೆಗಳ ಗುಂಟವೇ ಸಿಡಿದು ಬಿಚ್ಚಿಕೊಂಡಿತು. ಅದನ್ನು ಹಿಡಿದಿದ್ದ ಅವನ ಎಡಗೈಯಲ್ಲಿ ಬೆರಳುಗಳಿರಲಿಲ್ಲ. ತುದಿಯ ಹೂವು ಮಾತ್ರ ಹಾಗೇ ಇತ್ತು.

ಆಸ್ಪತ್ರೆಯಲ್ಲಿ ಧಣಿ ಹರಕುಮುರುಕು ಕನ್ನಡದಲ್ಲಿ ಹೇಳಿದರು. ಅದು ಕಬ್ಬಿಣದ ಪಟ್ಟಿಗಳನ್ನು ಹೊಸೆದು ಮಾಡಿದ ನಳಿಗೆಯಂತೆ, ಹಳೆಯ ಕರಿಮದ್ದಿಗಷ್ಟೇ ಸರಿಯಂತೆ. ಹೊಸ ಕಾಡತೂಸಿನ ಜೋರು ಅದು ತಡೆಯುವುದಿಲ್ಲವೆಂದು ಅವರಪ್ಪ ಸಾಯುವವರೆಗೂ ಹೇಳುತ್ತಿದ್ದರಂತೆ.

"ಅಂದ್ರ ನಿಮಗ ಗೊತ್ತಿತ್ತೇನ್ರಿ?" ಎಂದೆ.

"ಒಂದ ಸಲಕ್ಕ ಏನೂ ಆಗೂದಿಲ್ಲ ಅನ್ಕೊಂಡೆ" ಎಂದರು.

"ಮತ್ತ ಕಂಬದ ಹಿಂದ ಯಾಕ ನಿಂತಿದ್ರಿ?"